ಹೊಸ ಟ್ರ್ಯಾಕ್ಟರಿಗೆ ಹಳೇ ಮಣ್ಣು

ಹೋದ ವರ್ಷ ದಸರಾ ಮುಂದ ನಮ್ಮಪ್ಪ ಕಣ್ಣು ತೋರಿಸಾಕಂತ ಮಾನ್ವಿಯಿಂದ ರಾಯಚೂರಿಗೆ ಬಂದಿದ್ದ. ಚಹಾ ಕುಡದು ಆರಾಮ ಕುಂತಿದ್ದಾಗ ನನ್ನ ಮಗ ಒಳಗಿನಿಂದ ಒಂದು ಸಣ್ಣ ಹಲಗಿ ಎರಡೂ ಕೈಲೆ ಹಿಡಕೊಂಡು ಬಂದು ತಾತನ ಮುಂದ ಇಟ್ಟ. ಹಲಗಿ ಮ್ಯಾಲ ಗೇಣುದ್ದಾನೂ ಇಲ್ಲದ ಒಂದು ಪ್ಲಾಸ್ಟಿಕ್ ಟ್ರ್ಯಾಕ್ಟರು. ಕೆಂಪು ಬಣ್ಣ, ಬಾನೆಟ್ಟಿನ ಮ್ಯಾಲ ಜಂಗು, ಗಾಲಿ ತುಂಬ ಎರಿ ಮಣ್ಣು, ಸೈಲೆನ್ಸರ್ ತುದಿಗೆ ಸುಟ್ಟ ಕಪ್ಪು. ಆರು ತಿಂಗಳು ಕುಂತು ಮಾಡಿದ್ದ ಹುಡುಗ. 2003ರಾಗ ಬರ ಬಿದ್ದು ಸಾಲ ಏರಿದಾಗ ಅಪ್ಪ ಮಾರಿದ ಮ್ಯಾಸಿ ಟ್ರ್ಯಾಕ್ಟರು ಅದು ಅಂತ ಅವನ ಲೆಕ್ಕ.

ಅಪ್ಪ ಚಷ್ಮಾ ಮೂಗಿನ ಮ್ಯಾಲ ಏರಿಸಿ, ಹಲಗಿ ಆ ಕಡೆ ಈ ಕಡೆ ತಿರುಗಿಸಿ, ಭಾಳ ಹೊತ್ತು ನೋಡಿದ. ಮಗ ಶಾಬ್ಬಾಷ್ ಅಂತಾನೇನೋ ಅಂತ ಕಾಯ್ಕೊಂತ ನಿಂತಿದ್ದ. ಅಪ್ಪ ಅಂದದ್ದು ಒಂದ ಮಾತು: “ನಾ ಗಾಡಿ ಇಷ್ಟು ಹೊಲಸು ಇಟ್ಟಿದ್ದೆನೇನೋ, ತಮ್ಮ?”

ಹುಡುಗನ ಮಾರಿ ಸಣ್ಣದಾತು. ನನಗೂ ಒಂಥರಾ ಆತು. ಮನ್ಯಾಗ ಯಾರ ಮನಸ್ಸನ್ನೂ ನೋಯಿಸಬೇಕಂತ ಯಾರೂ ಮಾಡಿದ್ದಿಲ್ಲ. ಒಬ್ಬಾಂವ ಪ್ರೀತಿಲೆ ಹಚ್ಚಿದ ಮಣ್ಣು ಇನ್ನೊಬ್ಬಾಂವಗೆ ಅವಮಾನ ಆಗಿತ್ತು. ಹಳೇದರ ಮ್ಯಾಲ ಹೊಸ ಬಣ್ಣ ಹಚ್ಚೋದು ನಮಗ ಮೊದಲಿಂದ ಗೊತ್ತೈತಿ, ಹಬ್ಬ ಬಂದ್ರ ಗೋಡಿಗೆ ಸುಣ್ಣ, ಎತ್ತಿನ ಕೊಂಬಿಗೆ ಬಣ್ಣ. ಆದ್ರ ಹೊಸಾದರ ಮ್ಯಾಲ ಹಳೇತನ ಹಚ್ಚೋ ಈ ಕಲಾ ಎಲ್ಲಿಂದ ಬಂತು? ಅವತ್ತು ರಾತ್ರಿ ಮಗನ್ನ ಕುಂದ್ರಿಸಿಕೊಂಡು ಕೇಳಿದೆ. ಅಂವ ಹೇಳಿದ್ದು, ಆಮ್ಯಾಲ ನಾ ಓದಿದ್ದು, ನಮ್ಮತ್ತಿ ಹೇಳಿದ್ದು ಎಲ್ಲಾ ಕೂಡಿಸಿ ಇಲ್ಲಿ ಬರದೀನಿ.

ಮೊದಲು ಮನಿ ಪರಿಸ್ಥಿತಿ ಹೇಳತೀನಿ. ಈ ಮಾಡಲ್ಲು ಡಬ್ಬಿ ಒಳಗ ಬಿಡಿ ಬಿಡಿಯಾಗಿ ಬರತಾವ. ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಹುಣಸಿಕಾಯಿ ಜೋತುಬಿದ್ದಂಗ ಸಣ್ಣ ಸಣ್ಣ ಭಾಗ ಅಂಟಿರತಾವ. ಅವನ್ನ ಕತ್ತರಿಸಿ, ಮೊಂಡು ಉಜ್ಜಿ, ಸಾಬೂನಿನ ನೀರಾಗ ತೊಳೀಬೇಕು. ಅಚ್ಚಿನಿಂದ ಬಿಡಿಸಾಕ ಹಚ್ಚಿದ ಎಣ್ಣಿ ಉಳದಿದ್ರ ಬಣ್ಣ ಹಿಡಿಯೂದಿಲ್ಲ. ಆಮ್ಯಾಲ ಪ್ರೈಮರು, ಅದರ ಮ್ಯಾಲ ಮೂಲ ಬಣ್ಣ. ಬಣ್ಣ ಹೊಡಿಯೂದು ಏರ್‌ಬ್ರಶ್‌ಲೆ. ಪೆನ್ನಿನಷ್ಟ ಇರತೈತಿ, ತುದ್ಯಾಗ 0.3 ಮಿಲಿಮೀಟರಿನ ತೂತು, ಹಿಂದ ಕಂಪ್ರೆಸರು. ಗಾಳಿ 15-20 ಪಿಎಸ್‌ಐ ಸಾಕು, ಬೈಕಿನ ಗಾಲಿಗೆ ಹಾಕೋದಕ್ಕಿಂತ ಕಡಿಮಿ. ಬಣ್ಣ ಹಾಲಿನಷ್ಟು ತೆಳುವಿರಬೇಕು, ಮಜ್ಜಿಗಿಯಂಗ ದಪ್ಪಾದ್ರ ತೂತು ಕಟ್ಟಿತು.

ಇದು ಇಂಗ್ಲೆಂಡಿನಾಗ ಸರಿ, ರಾಯಚೂರಾಗ? ಮೇ ತಿಂಗಳಾಗ ನಮ್ಮಲ್ಲಿ 42, 43 ಡಿಗ್ರಿ. ಅಕ್ರಿಲಿಕ್ ಬಣ್ಣ ತೂತಿನಿಂದ ಹೊರಗ ಬಿದ್ದು ಪ್ಲಾಸ್ಟಿಕ್ಕಿಗೆ ಮುಟ್ಟೂದ್ರಾಗ ಗಾಳ್ಯಾಗ ಒಣಗಿ, ಉಪ್ಪಿಟ್ಟಿನ ರವಾ ಹಂಗ ಉದುರತೈತಿ. ಅದಕ್ಕ ನನ್ನ ಮಗ ಮುಂಜಾನಿ ಐದಕ್ಕ ಏಳಾಕ ಕಲತ. ಪರೀಕ್ಷಾಕ್ಕ ಒಂದಿನಾನೂ ಎದ್ದಾಂವಲ್ಲ! ನಮ್ಮತ್ತಿ ಅಂಗಳದಾಗ ರಂಗೋಲಿ ಹಾಕತಿರತಾರ, ಇಂವ ಮ್ಯಾಳಿಗಿ ಮ್ಯಾಲ ಬಣ್ಣ ಹೊಡಿತಿರತಾನ. ಮಳಿಗಾಲದಾಗ ಬ್ಯಾರೆನ ಫಜೀತಿ. ಲ್ಯಾಕರ್ ಬಣ್ಣ ಹವಾದಾಗಿನ ತೇವ ಕುಡದು ಬೆಳ್ಳಗ ಮಬ್ಬಾಗತೈತಿ. ಥಿನ್ನರಿನ ವಾಸನಿ ದೇವರ ಕೋಣಿ ತನಕ ಹೋಗಿ ಒಂದ ಸಲ ದೊಡ್ಡ ಜಗಳ ಆತು. ಅವತ್ತಿನಿಂದ ಬಾಯಿಗೆ ಮಾಸ್ಕು, ಕಿಟಕಿ ಬಾಗಲಾ ತೆರದ ಕೆಲಸ. ಇದು ಅತ್ತಿಯವರ ಕಾಯ್ದೆ, ಒಳ್ಳೇದ ಐತಿ. ಆ ಮಂಜು ಎದಿಯೊಳಗ ಹೋದ್ರ ಚೊಲೊ ಅಲ್ಲ.

ಈಗ ಇತಿಹಾಸಕ್ಕ ಬರೋಣ. ಈ ಪ್ಲಾಸ್ಟಿಕ್ ಮಾಡಲ್ಲು ಅನ್ನೋದು ಹುಡುಗರ ಆಟಕ್ಕ ಹುಟ್ಟಿದ್ದು ಖರೆ, ಆದ್ರ ಅದರ ಬೆಳವಣಿಗಿಯೊಳಗ ಯುದ್ಧಾನೂ ಐತಿ, ವ್ಯಾಪಾರಾನೂ ಐತಿ. 1936ರಾಗ ಇಂಗ್ಲೆಂಡಿನ ಫ್ರಾಗ್ ಕಂಪನಿ ‘ಪೆಂಗ್ವಿನ್’ ಅನ್ನೋ ಹೆಸರಿಲೆ ಸಣ್ಣ ವಿಮಾನದ ಪ್ಲಾಸ್ಟಿಕ್ ಕಿಟ್ಟು ತಂತು. ಅಳತಿ 1/72, ಅಂದ್ರ ಮಾಡಲ್ಲಿನ ಒಂದು ಇಂಚು ಅಂದ್ರ ಖರೇ ವಿಮಾನದ ಆರು ಫೂಟು. ಲೆಕ್ಕ ಸಲೀಸು, ಅದಕ್ಕ ಇವತ್ತಿಗೂ ಉಳದೈತಿ. 1942ರಾಗ ಅಮೆರಿಕಾದ ನೌಕಾಪಡಿ ಸಾಲಿ ಹುಡುಗರಿಗೆ ಕರೆ ಕೊಟ್ಟು, ಇದ ಅಳತಿಗೆ ಐದು ಲಕ್ಷ ಕಟ್ಟಿಗಿ ವಿಮಾನ ಮಾಡಿ ಕೊಡ್ರಿ ಅಂತ ಕೇಳಿತು. ಆಕಾಶದಾಗ ಹೋಗೋ ವಿಮಾನ ನಮ್ಮದೋ ವೈರಿದೋ ಅಂತ ನೆರಳು ನೋಡಿ ಗುರುತು ಹಿಡಿಯಾಕ ಸಿಪಾಯಿಗಳಿಗೆ ಕಲಿಸಬೇಕಾಗಿತ್ತು. ಅದಕ್ಕ ಅವಕ್ಕ ಬರೇ ಕಪ್ಪು ಬಣ್ಣ. ಆಕಾರ ಗೊತ್ತಾದ್ರ ಸಾಕಿತ್ತು, ಅಂದಚೆಂದ ಯಾರಿಗೆ ಬೇಕಿತ್ತು?

ನನಗ ಭಾಳ ಹಿಡಿಸಿದ್ದು ಏರ್‌ಫಿಕ್ಸ್ ಕಂಪನಿ ಕಥಿ. ಹಂಗೇರಿಯಿಂದ ಇಂಗ್ಲೆಂಡಿಗೆ ಬಂದ ನಿಕೋಲಸ್ ಕೋವ್ ಅನ್ನಾಂವ 1939ರಾಗ ಶುರು ಮಾಡಿದ್ದು. ಮೊದಲು ಗಾಳಿ ತುಂಬೋ ರಬ್ಬರ್ ಆಟಿಗಿ, ಆಮ್ಯಾಲ ಬಾಚಣಿಗಿ. ಹೌದ್ರಿ, ತಲಿ ಬಾಚೋ ಬಾಚಣಿಗಿ. ಕಾದ ಪ್ಲಾಸ್ಟಿಕ್ಕು ಉಕ್ಕಿನ ಅಚ್ಚಿನಾಗ ಒತ್ತಿ ತುಂಬೋ ಮಷೀನು ಅದಕ್ಕಂತ ತಂದಿದ್ದ. 1949ರಾಗ ಫರ್ಗ್ಯುಸನ್ ಟ್ರ್ಯಾಕ್ಟರ್ ಕಂಪನಿಯವರು ಬಂದು, ನಮ್ಮ ಟ್ರ್ಯಾಕ್ಟರ್ ಮಾರೋ ಏಜೆಂಟರ ಕೈಯಾಗ ಕೊಡಾಕ ಒಂದು ಸಣ್ಣ ಟ್ರ್ಯಾಕ್ಟರ್ ಮಾಡಿಕೊಡ್ರಿ ಅಂದ್ರು.  ಆಮ್ಯಾಲ ಬಿಡಿ ಭಾಗ ಡಬ್ಬಿಗೆ ಹಾಕಿ, ನೀವ ಜೋಡಿಸಿಕೊಳ್ರಿ ಅಂತ ಮಾರಿದ್ರು. 1952ರಾಗ ‘ಗೋಲ್ಡನ್ ಹೈಂಡ್’ ಹಡಗು ಬಂತು, ಮರುವರ್ಷ ಸ್ಪಿಟ್‌ಫೈರ್ ವಿಮಾನ. ಆಮ್ಯಾಲ ಜಪಾನಿನ ಶಿಜುವೋಕಾದ ತಮಿಯಾ ಕಂಪನಿ, ಅದೂ ಮೊದಲು ಕಟ್ಟಿಗಿ ವ್ಯಾಪಾರದ್ದು, 1960ರಾಗ ಪ್ಲಾಸ್ಟಿಕ್ಕಿಗೆ ಇಳೀತು. ಹಡಗು, ವಿಮಾನ, ರಣಗಾಡಿ ಅಂತ ಇವತ್ತು ಏನು ಜಗತ್ತು ಕಾಣತೈತಿ, ಏರ್‌ಫಿಕ್ಸಿನವರು ಅದರ ಬಾಗಲಾ ತೆರದಿದ್ದು ಒಂದು ಟ್ರ್ಯಾಕ್ಟರಿನಿಂದ.

ಆ ಟ್ರ್ಯಾಕ್ಟರಿಗೂ ನಮ್ಮ ಮಾನ್ವಿ ಮನಿಗೂ ಸಂಬಂಧ ಐತಿ. ಫರ್ಗ್ಯುಸನ್ ಟಿಇ20 ಅನ್ನೋದು 1946ರಿಂದ 1956ರ ತನಕ ಇಂಗ್ಲೆಂಡಿನ ಕೊವೆಂಟ್ರಿಯಾಗ ತಯಾರಾತು, ಐದು ಲಕ್ಷಕ್ಕಿಂತ ಹೆಚ್ಚು. ಬೂದಿ ಬಣ್ಣದ್ದು. 1953ರಾಗ ಹ್ಯಾರಿ ಫರ್ಗ್ಯುಸನ್ ಕೆನಡಾದ ಮ್ಯಾಸಿ ಹ್ಯಾರಿಸ್ ಕಂಪನಿ ಕೂಡ ಕೂಡಿಕೊಂಡ. ಮುಂದ ಹೆಸರು ಮ್ಯಾಸಿ ಫರ್ಗ್ಯುಸನ್ ಆತು, ಬಣ್ಣ ಕೆಂಪಾತು. 1960ರಾಗ ಮದ್ರಾಸಿನಾಗ ಟಾಫೆ ಕಂಪನಿ ಶುರುವಾಗಿ ಆ ಕೆಂಪು ಗಾಡಿ ನಮ್ಮ ದೇಶದಾಗ ಹುಟ್ಟಾಕತ್ತಿದವು. ತುಂಗಭದ್ರಾ ಎಡದಂಡಿ ಕಾಲುವಿ ನೀರು ಬಂದಂಗ ಜ್ವಾಳದ ಹೊಲ ಭತ್ತದ ಗದ್ದಿ ಆದವು, ಎತ್ತಿನ ಹೆಜ್ಜಿ ಸಾಲದಾದವು. ಅಪ್ಪ 1983ರಾಗ ಸಾಲ ಮಾಡಿ ಮ್ಯಾಸಿ ತಂದ. ನನ್ನ ಮಗನ ಕಿಟ್ಟು ಫ್ರಾನ್ಸಿನ ಹೆಲ್ಲರ್ ಕಂಪನಿದು, 1/24 ಅಳತಿ, ಆ ಹಳೇ ಬೂದಿ ಬಣ್ಣದ ಫರ್ಗ್ಯುಸನ್ನು. ಅಂದ್ರ ಅಪ್ಪನ ಗಾಡಿಯ ತಾತ. ಬಾನೆಟ್ಟಿನ ಆಕಾರ ಅಷ್ಟು ಕೂಡೂದಿಲ್ಲ. ಮಗ ಪ್ಲಾಸ್ಟಿಕ್ ಹಾಳಿ ಕತ್ತರಿಸಿ ಅಂಟಿಸಿ ಆದಷ್ಟು ಹೊಂದಿಸಿ ಕೆಂಪು ಹೊಡದಿದ್ದ.

ಇನ್ನ ಏರ್‌ಬ್ರಶ್. ಇದು ಪ್ಲಾಸ್ಟಿಕ್ ಮಾಡಲ್ಲಿಗಿಂತ ಹಳೇದು. 1870ರ ದಶಕದಾಗ ಅಮೆರಿಕಾದ ಅಯೋವಾದಾಗ ಅಬ್ನರ್ ಪೀಲರ್ ಅನ್ನಾಂವ ಚಮಚದ ತುಣುಕು, ಬಾಗಿಸಿದ ಹೊಲಿಗಿ ಸೂಜಿ, ಹಿಂಥಾ ಮನ್ಯಾಗಿನ ಸಾಮಾನು ಕೂಡಿಸಿ ಗಾಳಿಲೆ ಬಣ್ಣ ಊದೋ ಒಂದು ಕೈಯಂತ್ರ ಮಾಡಿದ. 1890ರ ದಶಕದಾಗ ಚಾರ್ಲ್ಸ್ ಬರ್ಡಿಕ್ ಅದನ್ನ ತಿದ್ದಿ, ಪೆನ್ನಿನಂಗ ಹಿಡಿಯೋ ಆಕಾರ ಕೊಟ್ಟ. ಮೇಲೊಂದು ಗುಂಡಿ, ಒತ್ತಿದ್ರ ಗಾಳಿ, ಹಿಂದ ಎಳದ್ರ ಬಣ್ಣ. ಇವತ್ತಿನ ಏರ್‌ಬ್ರಶ್ ಒಳಗೂ ಅದ ಉಪಾಯ. ಅವರು ಇದನ್ನ ಮಾಡಿದ್ದು ಯಾವದಕ್ಕ ಗೊತ್ತೈತೇನು? ಫೋಟೋಕ್ಕ. ದೊಡ್ಡದು ಮಾಡಿದ ಫೋಟೋ ಮಸಕಾಗತಿದ್ದವು. ಕಣ್ಣಿನ ರೆಪ್ಪಿ, ಅಂಗಿ ಕಾಲರು, ಹಿಂದಿನ ಗೋಡಿ ಎಲ್ಲಾ ಬಣ್ಣ ಊದಿ ತಿದ್ದತಿದ್ರು.

ಇದು ಓದಿದಾಗ ನಾ ಎದ್ದು ಪಡಸಾಲಿ ಗೋಡಿ ನೋಡಿದೆ. ನಮ್ಮ ಮಾವನವರ ತಂದಿದು ಒಂದು ಫೋಟೋ ಐತಿ. ಕೋಟು, ರುಮಾಲು, ಹಿಂದ ಮೋಡದಂಥಾ ಬೂದಿ ಬಣ್ಣ. ಅತ್ತಿಯವರು ಹೇಳೋ ಪ್ರಕಾರ ಅವರು ಜೀವಮಾನದಾಗ ಕೋಟು ಹಾಕಿದಾಂವರಲ್ಲ. ತೀರಿಕೊಂಡ ಮ್ಯಾಲ ಸಣ್ಣ ಫೋಟೋದಿಂದ ಮಾರಿ ತಗೊಂಡು ಸ್ಟುಡಿಯೋದವರು ಕೋಟು ಬರದು ಕೊಟ್ಟಿದ್ರಂತ. ನಮ್ಮ ಊರ ಕಡೆ ಎಷ್ಟು ಮನಿಗಳಾಗ ಇಂಥಾ ಕೋಟಿನ ಹಿರೇರು ಅದಾರೋ! ಬಣ್ಣ ಸುಳ್ಳು ಹೇಳತೈತಿ, ಮರ್ಯಾದಿಗಂತ ಹೇಳತೈತಿ. ಅಪ್ಪಗ ಟ್ರ್ಯಾಕ್ಟರಿನ ಮಣ್ಣು ಯಾಕ ಚುಚ್ಚಿತು ಅನ್ನೋದು ಆ ಫೋಟೋ ನೋಡಿದಾಗ ಸ್ವಲ್ಪ ಅರ್ಥ ಆತು. ನಮಗ ಹಿರೇರನ್ನ ನೆನಸೋದಂದ್ರ ಸ್ವಚ್ಛ ಮಾಡಿ ನೆನಸೋದು.

ಹಂಗಾದ್ರ ಹೊಲಸು ಮಾಡಿ ನೆನಸೋದು ಯಾರು ಶುರು ಮಾಡಿದ್ರು? ಮೊದಲ ಮೊದಲ ಕಿಟ್ಟಿನ ಹುಡುಗರು ಡಬ್ಬಿ ಮ್ಯಾಲಿನ ಚಿತ್ರ ನೋಡಿ, ಹಂಬ್ರೋಲಿನ ಸಣ್ಣ ಡಬ್ಬಿ ಬಣ್ಣ ಹಚ್ಚಿ, ಮಿಂಚಿಸಿ ಇಡತಿದ್ರು. 1970ರ ದಶಕದಾಗ ಅಮೆರಿಕಾದ ಶೆಪರ್ಡ್ ಪೇನ್ ಅನ್ನಾಂವ ಮಾಡಲ್ಲಿನ ಸುತ್ತ ನೆಲ, ಮುರದ ಗೋಡಿ, ದಣದ ಸಿಪಾಯಿ ಎಲ್ಲಾ ಕೂಡಿಸಿ ಒಂದು ದೃಶ್ಯ ಮಾಡಿ ತೋರಿಸಿದ. ಮೊನೊಗ್ರಾಮ್ ಕಂಪನಿ ಕಿಟ್ಟಿನ ಡಬ್ಬಿಯೊಳಗ ಅಂವ ಬರದ ಸೂಚನಾ ಹಾಳಿ ಬರತಿದ್ದವು. ಅವನ್ನ ಓದಿ ಸಾವಿರಾರು ಹುಡುಗರು ಕಲತ್ರು. ಬೆಲ್ಜಿಯಮ್ಮಿನ ಫ್ರಾಂಸ್ವಾ ವರ್ಲಿಂಡನ್ 1980ರ ದಶಕದಾಗ ಅದನ್ನ ಇನ್ನೂ ಬೆಳಸಿದ. 1977ರ ‘ಸ್ಟಾರ್ ವಾರ್ಸ್’ ಸಿನಿಮಾದಾಗ ಆಕಾಶನೌಕಿಗಳು ಹೊಸ ಪಾತ್ರಿಯಂಗ ಥಳಥಳ ಅನ್ನಲಿಲ್ಲ. ಎಣ್ಣಿ ಸೋರಿದ, ಮಸಿ ಹಿಡದ ಹಳೇ ಲಾರಿಯಂಗಿದ್ದವು. ಅವೂ ಮಾಡಲ್ಲ, ಕೈಲೆ ಹೊಲಸು ಮಾಡಿದ್ದವು. ನೋಡಿದ ಮಂದಿ ನಂಬಿದ್ರು. ನಂಬಿಕಿ ಬರೋದು ಸವಕಳಿಯಿಂದ ಅಂತ ಗೊತ್ತಾತು. ಮುಂದ ಸ್ಪೇನಿನವರು ಇದಕ್ಕಂತನ ಬಣ್ಣ, ಪುಡಿ ಎಲ್ಲಾ ಡಬ್ಬಿಗೆ ಹಾಕಿ ಮಾರಾಕತ್ತಿದ್ರು.

ಇದಕ್ಕ ವೆದರಿಂಗ್ ಅಂತಾರ. ಬಿಸಿಲು ಮಳಿ ಮಾಡೋ ಕೆಲಸ ಕೈಲೆ ಮಾಡೋದು. ನಾ ಪಕ್ಕದಾಗ ಕುಂತು ನೋಡೀನಿ, ಅಡಿಗಿಗಿಂತ ಬ್ಯಾರೆ ಏನಲ್ಲ. ಕಂದು ಎಣ್ಣಿಬಣ್ಣಕ್ಕ ಭಾಳಷ್ಟು ಸ್ಪಿರಿಟ್ ಹಾಕಿ ಸಾರಿನ ತಿಳಿಯಂಗ ಮಾಡಿ ಬಿಟ್ರ ಅದು ಸಂದಿಗೊಂದ್ಯಾಗ ಇಳದು ನಿಂದರತೈತಿ. ಒಣಾ ಬ್ರಶ್‌ನಾಗ ಹೆಸರಿಗಷ್ಟ ಬಣ್ಣ ಹಿಡದು ಏಣಿನ ಮ್ಯಾಲ ತಿಕ್ಕಿದ್ರ ಅಂಚು ಬೆಳ್ಳಗ ಎದ್ದು ಕಾಣತೈತಿ. ಬಣ್ಣ ಚಕ್ಕಿ ಎದ್ದಂಗ ಕಾಣಬೇಕಂದ್ರ, ಮೊದಲು ಜಂಗಿನ ಬಣ್ಣ, ಅದರ ಮ್ಯಾಲ ಕೂದಲಿಗೆ ಹೊಡಿಯೋ ಹೇರ್‌ಸ್ಪ್ರೇ, ಅದರ ಮ್ಯಾಲ ಕೆಂಪು. ಕೆಂಪು ಒಣಗಿದ ಮ್ಯಾಲ ನೀರು ಹಚ್ಚಿ ಮೊಂಡ ಬ್ರಶ್‌ಲೆ ಗೀಚಿದ್ರ ನಡುವಿನ ಸ್ಪ್ರೇ ಕರಗಿ ಮ್ಯಾಲಿನ ಕೆಂಪು ಚಕ್ಕಿ ಏಳತೈತಿ, ಕೆಳಗಿನ ಜಂಗು ಕಾಣತೈತಿ. ಮಣ್ಣಿಗೆ ಅಂಗಡಿ ಪುಡಿ ಯಾಕ? ಮಾನ್ವಿ ಹೊಲದ ಎರಿ ಮಣ್ಣನ್ನ ನನ್ನ ಹಳೇ ವೇಲಿನಾಗ ಸೋಸಿ ಇಟಗೊಂಡಿದ್ದ. ದೇವದುರ್ಗದ ಅತ್ತಿಯವರ ತವರಿನಿಂದ ತಂದ ಮಸಾರಿ ಮಣ್ಣು ಇನ್ನೊಂದು ಡಬ್ಬ್ಯಾಗ. ಎರಿ ಮಣ್ಣು ಹಸಿ ಇದ್ದಾಗ ಕಪ್ಪು, ಒಣಗಿದ್ರ ಬೂದಿ. ಮಸಾರಿ ಕೆಂಪು ಕೆಂಪು, ಉಸುಕು ಉಸುಕು. ಎರಡೂ ಕಲಸಿದ್ರ ಯಾವ ಊರಿಂದೂ ಅಲ್ಲದ ಮಣ್ಣು ಆಗತೈತಿ ಅಂತ ಅಂವ ಹೇಳಿದಾಗ ನಾ ನಕ್ಕಿದ್ದೆ. ಆಮ್ಯಾಲ ಆ ಮಾತು ನೆನಪಾತು.

ಇಷ್ಟು ಕೇಳಿ ಇದೆಲ್ಲಾ ಹೊರದೇಶದ ಕಲಾ ಅಂತ ತಿಳಕೋಬ್ಯಾಡ್ರಿ. ನಮ್ಮ ರಾಯಚೂರು ಕ್ವಾಟಿ ನೋಡೀರೇನು? ಕಾಕತೀಯರ ಕಾಲಕ್ಕ, 1294ರಾಗ, ಗೋರೆ ಗನ್ನಯ್ಯ ರೆಡ್ಡಿ ಕಟ್ಟಿಸಿದ್ದು ಅಂತ ಗೋಡಿಯಾಗಿನ ಶಾಸನ ಹೇಳತೈತಿ. ಆ ಶಾಸನದ ಕಲ್ಲು 41 ಫೂಟು ಉದ್ದದ್ದು. ಅಲ್ಲೇ ಗೋಡಿಗೆ ಸಣ್ಣ ಚಿತ್ರ ಕೊರದಾರ. ದೊಡ್ಡ ಕಲ್ಲು ಬಂಡಿ ಮ್ಯಾಲ ಹೇರಿ, ಸಾಲು ಎತ್ತು ಹೂಡಿ, ಮಂದಿ ಹೊಡಕೊಂಡು ಹೊಂಟ ಚಿತ್ರ. ಶಾಸನದ ಅಕ್ಷರ ಹೇಳಿದ್ದು ಯಾರು ಕಟ್ಟಿಸಿದ್ರು ಅಂತ. ಚಿತ್ರ ಹೇಳಿದ್ದು ಹ್ಯಾಂಗ ತಂದ್ರು ಅಂತ. ದೊಡ್ಡ ಕೆಲಸದ ಸಣ್ಣ ಪ್ರತಿ ಮಾಡಿ ಮುಂದಿನವರಿಗೆ ಇಡೋ ಆಸೆ ನಮ್ಮ ಊರಾಗ 700 ವರ್ಷದ ಹಿಂದ ಇತ್ತು.

ಅದಕ್ಕಿಂತ ಹತ್ತರದ ಸಂಬಂಧ ಕಿನ್ನಾಳದ್ದು. ಈಗ ಅದು ಕೊಪ್ಪಳ ಜಿಲ್ಲಾ, ಆದ್ರ 1997ರ ತನಕ ಕೊಪ್ಪಳ ನಮ್ಮ ರಾಯಚೂರು ಜಿಲ್ಲಾದಾಗ ಇತ್ತು. ಅಲ್ಲಿ ಚಿತ್ರಗಾರರ ಮನಿತನದವರು ಕಟ್ಟಿಗಿ ಗೊಂಬಿ ಮಾಡತಾರ. ತಮ್ಮ ಹಿರೇರು ವಿಜಯನಗರದ ಕಾಲದವರು, ಹಂಪಿ ವಿರೂಪಾಕ್ಷ ಗುಡಿ ಛತ್ತಿನ ಚಿತ್ರ ಬರದವರು ಅಂತ ಹೇಳಕೊಂತ ಬಂದಾರ. ಈಗ ಕಿನ್ನಾಳದ ಗೊಂಬಿಗೆ ಜಿಐ ಮಾನ್ಯತೆನೂ ಸಿಕ್ಕೈತಿ. ಅವರ ಕೆಲಸದ ರೀತಿ ಕೇಳಿದ್ರ ನನ್ನ ಮಗ ಕಣ್ಣು ಅಗಲಿಸಿದ. ಗೊಂಬಿ ಒಂದ ತುಂಡಿನಾಗ ಕೆತ್ತೂದಿಲ್ಲ, ಬಿಡಿ ಭಾಗ ಮಾಡಿ ಜೋಡಿಸತಾರ. ಗರುಡಗ 12 ಭಾಗ, ಸಿಂಹಾಸನದ ಮ್ಯಾಲ ಕುಂತ ಗಣಪಗ 22. “ಅವ್ವಾ, ಇದೂ ಕಿಟ್ಟ!” ಅಂದ.

ಕಟ್ಟಿಗಿ ಹಗುರಂದು. ಗೋಣಿಚೀಲದ ತುಂಡು ನೆನಿ ಹಾಕಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗಿ ಹೊಟ್ಟು, ಹುಣಸಿ ಬೀಜದ ಅಂಟು ಕೂಡಿಸಿ ಕಲಸತಾರ. ಅದಕ್ಕ ಕಿಟ್ಟ ಅಂತ ಹೆಸರು. ಅದನ್ನ ಕೈಲೆ ಮೆತ್ತಿ, ಮ್ಯಾಲ ಹತ್ತಿ ಬಟ್ಟಿ ತುಣುಕು ಅಂಟಿಸಿ, ಅದರ ಮ್ಯಾಲ ಬೆಣಚುಕಲ್ಲಿನ ಪುಡಿ ಲೇಪ ಹಚ್ಚತಾರ. ಆ ಬಿಳಿ ಲೇಪನ ಅವರ ಪ್ರೈಮರು. ಒಡವಿ, ಅಂಚು ಎಲ್ಲಾ ಅದ ಪುಡಿನ ಅಂಟಿನಾಗ ಕಲಸಿ ಉಬ್ಬಿಸಿ ಬರೀತಾರ. ಬಂಗಾರದ ಹೊಳಪಿಗೆ ತವರ ಲೋಹವನ್ನ ಅಂಟಿನಾಗ ಅರದು ಹಚ್ಚಿ ತಿಕ್ಕಿ ಮಿಂಚಸತಾರ, ಅದಕ್ಕ ಲಾಜವಾರ ಅಂತಾರ. ಒಂದು ಕಾಲಕ್ಕ ದೇವರಿಗಿಂತ ಕಸಬುದಾರರ ಗೊಂಬಿಗೆ ಹೆಸರಾಗಿತ್ತಂತ, ಒಂದೊಂದು ಕೆಲಸದಾಗ ತೊಡಗಿದ ಮಂದಿಯ ಸಣ್ಣ ಸಣ್ಣ ಮೂರ್ತಿ. ಹಡಗು, ರಣಗಾಡಿ ಮಾಡಿದ ದೇಶದವರು ತಮ್ಮ ಯುದ್ಧ ನೆನಸಿದ್ರು. ನಮ್ಮವರು ದುಡಿಯೋ ಮಂದಿನ್ನ ಮಾಡಿ ಶೋಕೇಸಿಗೆ ಇಟ್ರು.

ಇದನ್ನೆಲ್ಲಾ ನಾ ಓದಾಕ ಒಂದು ಕಾರಣ ಇತ್ತು. ಅತ್ತಿಯವರ ಹತ್ತರ ಕಿನ್ನಾಳದ ಒಂದು ಗೌರಿ ಐತಿ. ಅವರ ಅಪ್ಪ ಕೊಪ್ಪಳದ ಗವಿಸಿದ್ದೇಶ್ವರ ಜಾತ್ರಿಯಿಂದ ದೇವದುರ್ಗಕ್ಕ ತಂದದ್ದು. ಗೌರಿ ಹುಣ್ಣಿಮಿಗೆ ಹುಡುಗ್ಯಾರು ಸಕ್ಕರಿ ಆರತಿ ಮಾಡೋದು ಅದಕ್ಕ. ಎಡಗಲ್ಲದ ಬಣ್ಣ ಉದುರಿ ಬಿಳಿ ಕಾಣಾಕತ್ತಿತ್ತು. “ಕಂಪ್ರೆಸರ್ ಮನ್ಯಾಗ ಅದ. ಗೌರಿಗೆ ಒಂದು ಕೈ ಹೊಡಿ, ಮೊಮ್ಮಗಳು ಈ ಸಲ ಆರತಿ ಮಾಡ್ತಾಳ” ಅಂದ್ರು ಮೊಮ್ಮಗಗ. ಹೊಸಾದಕ್ಕ ಜಂಗು ಹಚ್ಚೋ ಈ ಹುಡುಗ ಒಲ್ಲೆ ಅಂದ. “ಇದು ಖರೇ ಸವದದ್ದು ಅಮ್ಮಾ. ನಾ ಇದನ್ನ ಮುಚ್ಚೂದಿಲ್ಲ.” ಅತ್ತಿಯವರಿಗೆ ಸಿಟ್ಟು ಬಂತು. “ತಾತನ ಗಾಡಿಗೆ ಹೊಲಸು ಹಚ್ಚಾಕ ಬರ್ತದ, ಗೌರಿಗೆ ಬಣ್ಣ ಹಚ್ಚಾಕ ಬರಂಗಿಲ್ಲೇನು?”

ನಾ ಮೊದಲು ಮಗನ ಕಡೆ ಇದ್ದೆ. ಹಳೇದು ಹಂಗ ಇರಲಿ ಅನ್ನೋದು ಓದಿದವರ ಮಾತು, ಕೇಳಾಕ ಚೆಂದ. ಆದ್ರ ಅಂವ ಉದುರಿದ ಜಾಗಾ ಭೂತಗನ್ನಡಿ ಹಿಡದು ನೋಡಿ, ಒಂದು ಸುದ್ದಿ ತಂದ. ಮ್ಯಾಲಿನ ಅರಿಷಿಣ ಬಣ್ಣದ ಕೆಳಗ ಇನ್ನೊಂದು ಅರಿಷಿಣ ಇತ್ತು, ಸ್ವಲ್ಪ ಕೆಂಪು ಹೆಚ್ಚಿನದು. ಅಂದ್ರ ಹಿಂದೊಮ್ಮೆ ಬಣ್ಣ ಹಚ್ಚ್ಯಾರ. ಕೇಳಿದ್ರ ಅತ್ತಿಯವರು, “ಹೂಂ ಮತ್ತ, ನನ್ನ ಲಗ್ನದ ಮುಂದ ನಮ್ಮವ್ವ ಮಾಡಿಸಿದ್ಲು” ಅಂದ್ರು. ನಮ್ಮ ಕಡೆ ಊರದೇವಿ ಕಟ್ಟಿಗಿ ಮೂರ್ತಿಗೂ ಹಂಗ, ಜಾತ್ರಿ ಬಂದಾಗ ಚಿತ್ರಗಾರರನ್ನ ಕರಸಿ ಹೊಸ ಬಣ್ಣ ಮಾಡಸತಾರ. ಬಣ್ಣ ಹಚ್ಚಿದ್ರ ಇತಿಹಾಸ ಹೋಗತೈತಿ ಅಂತ ನಾವು ಅಂದುಕೊಂಡಿದ್ವಿ. ಬಣ್ಣ ಹಚ್ಚೋದ ಆ ಗೌರಿಯ ಇತಿಹಾಸ ಆಗಿತ್ತು. ಇನ್ನೂ ಕೆಲಸದಾಗ ಇರೋ ವಸ್ತು ಅದು, ವರ್ಷಾ ಆರತಿ ತಗೊಳ್ಳೋದು. ಅದಕ್ಕ ಹೊಸ ಸೀರಿ ಬೇಕ.

ಆದ್ರ ಏರ್‌ಬ್ರಶ್ ಬ್ಯಾಡ ಅನ್ನೋದ್ರಾಗ ಮಗ ಹೇಳಿದ್ದು ಸರಿ ಇತ್ತು. ಹುಣಸಿ ಅಂಟು, ಬಟ್ಟಿ, ಕಲ್ಲಿನ ಪುಡಿ ಇದ್ದ ಮೈ ಮ್ಯಾಲ ಪ್ಲಾಸ್ಟಿಕ್ಕಿನ ಬಣ್ಣ ಹೊಡದು, ನಾಳೆ ಅದು ಕೆಳಗಿನ ಲೇಪ ಕಿತ್ತುಕೊಂಡು ಎದ್ರ? ಗೌರಿನ ಮೆತ್ತನ್ನ ಸೀರ್‍ಯಾಗ ಸುತ್ತಿ ನಾವು ಮೂರು ಮಂದಿ ಬಸ್ಸು ಹಿಡದು ಕಿನ್ನಾಳಕ್ಕ ಹೋದ್ವಿ. ಅಲ್ಲಿಯ ಹಿರೇರೊಬ್ಬರು ಸಡಲ ಆದಷ್ಟ ಕೆರದು, ಗಟ್ಟಿ ಇದ್ದದ್ದು ಹಂಗ ಬಿಟ್ಟು, ಲೇಪ ಮೆತ್ತಿ ಬಣ್ಣ ಹಚ್ಚಿದ್ರು. ಕಣ್ಣು ಬರದದ್ದು ಕೊನಿಗೆ, ಉಸಿರು ಹಿಡದು, ಎರಡ ಎಳಿಯಾಗ. ನನ್ನ ಮಗ ಅವರ ಕೈ ನೋಡಕೊಂತ ಒಂದು ಮಾತೂ ಆಡಲಿಲ್ಲ. ವಾಪಸ್ ಬರುವಾಗ ಬಸ್ಸಿನಾಗ ಕೇಳಿದ, “ತಾತ ಗಾಡಿಗೆ ಎಂದರ ಬಣ್ಣ ಹಚ್ಚಿಸಿದ್ದನೇನವ್ವಾ?”

ಅಲ್ಲೇ ಗಂಟು ಬಿಚ್ಚಿತು ನೋಡ್ರಿ. ಅಪ್ಪನ ಗಾಡಿದು ನಮ್ಮ ಹತ್ತರ ಒಂದ ಫೋಟೋ ಐತಿ, ಆಯುಧ ಪೂಜಾದ್ದು, ಬಾಳಿ ಕಂಬ ಕಟ್ಟಿ ತೊಳದು ನಿಲ್ಲಿಸಿದ್ದು. ಉಳದ 364 ದಿನ ಹ್ಯಾಂಗಿತ್ತು ಅನ್ನಾಕ ಹುಡುಗ ಹೊರದೇಶದ ಫೋಟೋ ನೋಡಿದ್ದ. ಮಳಿಯಾಗ ನೆನದು, ಹುಲ್ಲಿನಾಗ ಬಿಟ್ಟು ಹೋದ ಅನಾಥ ಟ್ರ್ಯಾಕ್ಟರು ಅವು. ಮಳಿ ದೇಶದ ಜಂಗನ್ನ ತಂದು ಬಿಸಿಲ ನಾಡಿನ ಗಾಡಿಗೆ ಹಚ್ಚಿದ್ದ. ತಾತನ್ನ ಮಾತ್ರ ಕೇಳಿದ್ದಿಲ್ಲ.

ಗೌರಿ ಹುಣ್ಣಿಮಿಗೆ ಅಪ್ಪ ಮತ್ತ ಬಂದಾಗ ಹುಡುಗ ಪೆನ್ನು ಹಾಳಿ ಹಿಡದು ಕುಂತ. ಅಪ್ಪ ಮೊದಲು ಬ್ಯಾಡ ಬ್ಯಾಡ ಅಂದ. ಆಮ್ಯಾಲ ಶುರು ಮಾಡಿದ, ನಿಲ್ಲಿಸಲೇ ಇಲ್ಲ. ಬಾನೆಟ್ಟಿಗೆ ಜಂಗು ಎಂದೂ ಹಿಡದಿದ್ದಿಲ್ಲ, ದಿನಾ ಡೀಸೆಲ್ ಅರಿವಿಲೆ ಒರಸತಿದ್ದ. ಆದ್ರ ಬಿಸಿಲಿಗೆ ಕೆಂಪು ಸುಟ್ಟು ಇಟ್ಟಂಗಿ ಬಣ್ಣ ಆಗಿತ್ತು. ಗದ್ದಿ ಕೆಸರಿಗೆ ಇಳಿಸುವಾಗ ಕಬ್ಬಿಣದ ಗಾಲಿ ಹಾಕತಿದ್ರು. ಹಂಗಾಗಿ ಗಾಲಿ ಟೈರಿಗಿಂತ ನಡುವಿನ ಅಚ್ಚಿಗೆ, ಹೊಟ್ಟಿ ಕೆಳಗ ಕೆಸರು ಹೆಚ್ಚು. ಎಡಗಡೆ ಮಡ್‌ಗಾರ್ಡಿನ ಮ್ಯಾಲ ಬಣ್ಣ ಪೂರಾ ಸವದು ಕಬ್ಬಿಣ ಮಿಂಚತಿತ್ತು. “ನಿಮ್ಮವ್ವ ಸಾಲಿಗೆ ಹೋಗುವಾಗ ಅಲ್ಲೇ ಕುಂದರತಿದ್ಲು” ಅಂದ. ನನಗ ಗಂಟಲು ಕಟ್ಟಿತು, ಎದ್ದು ಒಳಗ ಹೋಗಿ ನೀರು ಕುಡದು ಬಂದೆ. ಡೀಸೆಲ್ ಟಾಕಿ ಬಾಯಿ ಸುತ್ತ ಎಣ್ಣಿಗೆ ಧೂಳು ಕುಂತು ಕಪ್ಪು ಬಳಿ. ಮುಂದ ಒಂದು ಕಡೆ ಬಂಡಿಗೆ ತಾಗಿ ನೆಗ್ಗಿದ್ದು, ಅದಕ್ಕ ತಾನ ಮಾನ್ವಿ ಅಂಗಡಿಯಿಂದ ಕೆಂಪು ತಂದು ಹಚ್ಚಿದ್ದ, ಕೂಡಿದ್ದಿಲ್ಲ, ಬ್ಯಾರೆ ಕೆಂಪು. ದಸರಾದ ವಿಭೂತಿ ಮೂರು ಬೆರಳು ಬಾನೆಟ್ಟಿನ ಮ್ಯಾಲ ವರ್ಷಾನಗಟ್ಟಲೆ ಉಳದಿತ್ತು, ಒರಸೋ ಮುಂದ ಅದನ್ನ ಬಿಟ್ಟು ಒರಸತಿದ್ದ.

ಹುಡುಗ ಜಂಗಿನ ಬಾನೆಟ್ಟು ಪೂರಾ ಕೆರದು ಮೊದಲಿನಿಂದ ಮಾಡಿದ. ಇನ್ನೊಂದು ತಿಂಗಳು ಹಿಡೀತು. ವೆದರಿಂಗ್ ಅಂದ್ರ ಹೊಲಸು ಮಾಡೋದಲ್ಲ, ಯಾವ ಕೈ ಎಲ್ಲಿ ಮುಟ್ಟಿತ್ತು ಅಂತ ಬರೆಯೋದು. ಅದನ್ನ ಹೇಳೋ ಮಂದಿ ಇರೋ ತನಕ ಕೇಳಿಕೋಬೇಕು. ಫೋಟೋದಾಗ ಅದು ಸಿಗೂದಿಲ್ಲ, ಡಬ್ಬಿ ಮ್ಯಾಲಿನ ಚಿತ್ರದಾಗ ಅಂತೂ ಇಲ್ಲೇ ಇಲ್ಲ. ನಿಮ್ಮ ಮನ್ಯಾಗ ಮಾರಿ ಹೋದ ಬಂಡಿ, ಹೊಲಿಗಿ ಮಷೀನು, ಬೀಸೋ ಕಲ್ಲು ಏನರ ಇದ್ರ, ಅದರಾಗ ದುಡದವರನ್ನ ಇವತ್ತ ಕೇಳ್ರಿ, ಎಲ್ಲಿ ಸವದಿತ್ತು ಅಂತ.

ಸಂಕ್ರಾಂತಿಗೆ ಅಪ್ಪ ಬಂದಾಗ ಟ್ರ್ಯಾಕ್ಟರು ತಯಾರಾಗಿತ್ತು. ವಿಭೂತಿ ಮಾತ್ರ ಬಿಟ್ಟಿದ್ವಿ. ಅಪ್ಪ ಕಡ್ಡಿಪೆಟ್ಟಿಗಿ ಕಡ್ಡಿ ತುದಿಗೆ ದೇವರ ಕೋಣಿ ವಿಭೂತಿ ಹಿಡದು, ಕೈ ನಡುಗದಂಗ ಇನ್ನೊಂದು ಕೈಲೆ ಒತ್ತಿ ಹಿಡಕೊಂಡು, ಸಣ್ಣಂಗ ಮೂರು ಗೆರಿ ಎಳದ. ಒಂದು ಗೆರಿ ಸೊಟ್ಟ ಹೋತು. ಯಾರೂ ತಿದ್ದಲಿಲ್ಲ.

ಊರಿಗೆ ಹೋಗುವಾಗ ಒಯ್ಯಪಾ ಅಂತ ಡಬ್ಬ್ಯಾಗ ಹಾಕಿ ಕೊಟ್ರ ಅಪ್ಪ ತಗೊಳ್ಳಲಿಲ್ಲ. “ಇಲ್ಲೇ ಇರಲಿ. ಅಲ್ಲಿ ಧೂಳು ಬೀಳತೈತಿ” ಅಂದ.